ಕಲ್ಲಾದ ಆನೆ

ಹಾಸನ ಸೀಮೆಯವರಿಗೆ ತಮ್ಮ ನೆಲದ ವಿಷಯದಲ್ಲಿ ಒಂದು ಅಭಿಮಾನವುಂಟು. ಬೇಲೂರು ಹಳೇಬೀಡುಗಳ ಶಿಲ್ಪವನ್ನು ಹೊಗಳಿದ ಬಳಿಕ ಆ ಶಿಲ್ಪಕ್ಕೆ ಒದಗಿದ ಕಲ್ಲನ್ನು ಹೊಗಳುವುದು, ಕಲ್ಲನ್ನು ಹೊಗಳಿದ ಬಳಿಕ ಅದರ ವಯಸ್ಸನ್ನು ಹೊಗಳುವುದು, ಇಲ್ಲಿನ ವಿದ್ಯಾವಂತರ ವಾಡಿಕೆ. ಹಳ್ಳಿಮೈಸೂರಿನ ಉಪಾಧ್ಯಾಯರೊಬ್ಬರಲ್ಲಿ ಈ ಅಭಿಮಾನವು ಕೊಂಚ ಹೆಚ್ಚಾಗಿಯೇ ಇದ್ದಿತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಆ ಸುತ್ತಿನ ಮಕ್ಕಳಿಗೆ ವಿಜ್ಞಾನವನ್ನು ಬೋಧಿಸಿ ವಿಶ್ರಾಂತಿ ಪಡೆದಿದ್ದ ಅವರು, ವೃತ್ತಿಯಲ್ಲಿದ್ದಾಗ ಪ್ರತಿ ವರ್ಷವೂ ಭೂಮಿಯ ಪಾಠ ಬಂದೊಡನೆ ಮಕ್ಕಳನ್ನು ಶಾಲೆಯ ಹಿಂದಿನ ಬಂಡೆಯ ಬಳಿಗೆ ಕರೆದೊಯ್ದು, ಅದನ್ನು ಅಂಗೈಯಿಂದ ತಟ್ಟಿ, "ಇದು ಹಿಮಾಲಯದ ಮುತ್ತಾತನಿಗೂ ಮುತ್ತಾತ" ಎನ್ನುತ್ತಿದ್ದರು. ಮಾತು ಉತ್ಪ್ರೇಕ್ಷೆಯಾಗಿರಲಿಲ್ಲ. ಹೊಳೆನರಸೀಪುರದ ಸುತ್ತಿನ ಶಿಲಾಶ್ರೇಣಿಯೂ ಗೊರೂರಿನ ಬಳಿಯ ಪಟ್ಟೆಗಲ್ಲೂ ಭರತಖಂಡದ ಅತಿ ಪ್ರಾಚೀನ ಶಿಲೆಗಳ ಸಾಲಿಗೆ ಸೇರಿದವು. ಗೊರೂರಿನ ಕಲ್ಲಿನ ವಯಸ್ಸು ಸುಮಾರು 330 ಕೋಟಿ ವರ್ಷಗಳೆಂದು ಶಾಸ್ತ್ರಜ್ಞರು ಅಳೆದು ಹೇಳಿದ್ದಾರೆ.

ಪ್ರತಿ ವರ್ಷವೂ ಒಬ್ಬ ಹುಡುಗನಾದರೂ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. ಇಲ್ಲಿ ಆಳವಾಗಿ ಅಗೆದರೆ ಹಳೆಯ ಕಾಲದ ದೊಡ್ಡ ಪ್ರಾಣಿಗಳ ಮೂಳೆ ಸಿಕ್ಕುವುದೇ ಎಂಬುದೇ ಆ ಪ್ರಶ್ನೆ. ಉಪಾಧ್ಯಾಯರ ಉತ್ತರವೂ ಪ್ರತಿ ವರ್ಷ ಒಂದೇ: "ಸಿಕ್ಕುವುದಿಲ್ಲ. ಈ ಕಲ್ಲು ಹುಟ್ಟಿದಾಗ ಲೋಕದಲ್ಲಿ ಮೂಳೆಯೆಂಬ ವಸ್ತುವೇ ಹುಟ್ಟಿರಲಿಲ್ಲ." ಹುಡುಗರು ಬೆರಗಾಗುತ್ತಿದ್ದರು, ಗಂಟೆ ಬಾರಿಸುತ್ತಿತ್ತು, ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಆ ಉತ್ತರದಲ್ಲಿ ಊನವಿದೆಯೆಂಬುದು ಅವರಿಗೆ ತಿಳಿದುದು ವಿಶ್ರಾಂತಿಯಾದ ಎಷ್ಟೋ ಕಾಲದ ಮೇಲೆ, ಊರಿನಿಂದ ಬಹು ದೂರದಲ್ಲಿ.

2019ರಲ್ಲಿ ಕುಟುಂಬಸಮೇತರಾಗಿ ಕಾಶಿ ಗಯೆಗಳ ಯಾತ್ರೆಯನ್ನು ಪೂರೈಸಿ, ಹಿಂದಿರುಗುವ ದಾರಿಯಲ್ಲಿ ಅವರು ಕಲ್ಕತ್ತೆಯಲ್ಲಿ ಎರಡು ದಿನ ತಂಗಿದರು. ಜೊತೆಯಲ್ಲಿ ಒಂಬತ್ತು ವರ್ಷದ ಮೊಮ್ಮಗಳಿದ್ದಳು. ಬರಬೇಕಾಗಿದ್ದ ತಮ್ಮ ಮಾತ್ರ ಬಂದಿರಲಿಲ್ಲ. ಆತನ ಜಮೀನು ಅರಕಲಗೂಡು ತಾಲ್ಲೂಕಿನಲ್ಲಿ, ಕೊಡಗಿನ ಗಡಿಯ ಕಡೆಗೆ. ಆ ವರ್ಷ ಮುಸುಕಿನ ಜೋಳ ತೆನೆಗಟ್ಟುವ ಹೊತ್ತಿಗೆ ಕಾಡಾನೆಗಳು ಎರಡು ಸಲ ಹೊಲಕ್ಕೆ ಇಳಿದಿದ್ದವು. "ನಿಮಗೆ ಕಾಶಿಯ ವಿಶ್ವನಾಥ, ನನಗೆ ಈ ಅಟ್ಟಣೆ" ಎಂದು ಹೇಳಿ, ಮರದ ಮೇಲಿನ ಕಾವಲಟ್ಟಣೆಯನ್ನು ತೋರಿಸಿ, ಆತನು ಹಿಂದೆಯೇ ಉಳಿದಿದ್ದನು.

ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ 1814ರಲ್ಲಿ ಏಷಿಯಾಟಿಕ್ ಸೊಸೈಟಿಯವರಿಂದ ಸ್ಥಾಪಿತವಾದುದು. ಚೌರಂಗಿಯಲ್ಲಿರುವ ಅದರ ಈಗಿನ ಭವ್ಯ ಮಂದಿರವನ್ನು 1878ರಲ್ಲಿ ಜನರಿಗೆ ತೆರೆಯಲಾಯಿತು. ಬಂಗಾಳದ ಸಾಮಾನ್ಯ ಜನರು ಅದನ್ನು ಜಾದೂಘರವೆಂದು ಕರೆಯುತ್ತಾರೆ. ಹೆಸರು ತಕ್ಕುದಾದುದೇ ಸರಿ. ಕಂಬಸಾಲಿನ ಮೊಗಸಾಲೆಯನ್ನು ದಾಟಿ ಒಳಗೆ ಕಾಲಿಟ್ಟವನಿಗೆ ಕಾಲದ ಲೆಕ್ಕ ತಪ್ಪಿಹೋಗುತ್ತದೆ. ಶಿವಾಲಿಕ್ ಬೆಟ್ಟಗಳ ಪ್ರಾಣಿಗಳ ಅವಶೇಷಗಳನ್ನು ಇಟ್ಟಿರುವ ಭಾಗಕ್ಕೆ ಬಂದಾಗ ಮೊಮ್ಮಗಳು ಅಜ್ಜನ ಕೈಯನ್ನು ಬಿಟ್ಟು ಮುಂದಕ್ಕೆ ಓಡಿ, ಒಂದು ಮಹಾಕಪಾಲದ ಎದುರಿಗೆ ನಿಂತಳು. ಅದರಿಂದ ಹೊರಟ ಎರಡು ದಂತಗಳು ಮನೆಯ ತೊಲೆಗಳಂತೆ ಮುಂದಕ್ಕೆ ಚಾಚಿಕೊಂಡಿದ್ದವು. ಅದು ಸ್ಟೆಗೊಡಾನ್ ಗಣೇಶ ಎಂಬ ಪ್ರಾಣಿಯ ತಲೆ. ಆ ಜಾತಿಯಲ್ಲಿ ದಂತಗಳು ಮೂರು ಮೀಟರಿಗಿಂತಲೂ ಉದ್ದವಾಗಿ ಬೆಳೆಯುತ್ತಿದ್ದವು. ಒಂದಕ್ಕೊಂದು ಎಷ್ಟು ಒತ್ತಾಗಿದ್ದುವೆಂದರೆ, ಸೊಂಡಿಲು ಅವುಗಳ ನಡುವೆ ಇಳಿಯಲಾರದೆ ಪಕ್ಕಕ್ಕೆ ಜೋಲುತ್ತಿದ್ದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ.

"ಗಣೇಶನೆಂದು ಹೆಸರಿಟ್ಟವರು ಯಾರು?" ಎಂದು ಹುಡುಗಿ ಕೇಳಿದಳು.

ಹೆಸರಿಟ್ಟವರು ಇಬ್ಬರು ಪರದೇಶದವರು. ಹ್ಯೂ ಫಾಲ್ಕನರ್ ಎಂಬಾತನು ಸಹಾರನಪುರದ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದನು. ಪ್ರೋಬಿ ಕಾಟ್ಲಿ ಎಂಬಾತನು ಕಾಲುವೆಗಳನ್ನು ಕಟ್ಟಿಸುವ ಎಂಜಿನಿಯರನಾಗಿದ್ದನು. 1830ರ ದಶಕದಲ್ಲಿ ಇವರಿಬ್ಬರೂ ಹಿಮಾಲಯದ ಪಾದದಲ್ಲಿರುವ ಶಿವಾಲಿಕ್ ಗುಡ್ಡಗಳನ್ನು ಸೋಸಿ, ಲೋಕವು ಕಂಡು ಕೇಳದ ಪ್ರಾಣಿಗಳ ಮೂಳೆಗಳನ್ನು ರಾಶಿರಾಶಿಯಾಗಿ ಸಂಗ್ರಹಿಸಿದರು. ಜಿರಾಫೆಯ ಬಳಗಕ್ಕೆ ಸೇರಿದ, ನಾಲ್ಕು ಕೊಂಬುಗಳುಳ್ಳ ಮಹಾಮೃಗವೊಂದಕ್ಕೆ 1836ರಲ್ಲಿ ಶಿವನ ಹೆಸರನ್ನು ಕೊಟ್ಟು ಶಿವಥೀರಿಯಂ ಎಂದರು. ಆನೆಯಂತಹ ಈ ಪ್ರಾಣಿಗೆ ಗಣೇಶನ ಹೆಸರನ್ನು ಕೊಟ್ಟರು. 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವು ಇಬ್ಬರಿಗೂ ವೊಲಾಸ್ಟನ್ ಪದಕವನ್ನಿತ್ತು ಗೌರವಿಸಿತು. ಉಪಾಧ್ಯಾಯರು ಇಷ್ಟನ್ನೂ ಸಂತೋಷದಿಂದ ವಿವರಿಸಿದರು. ಹುಡುಗಿ ಎಲ್ಲವನ್ನೂ ಕೇಳಿ, ಕಪಾಲವನ್ನು ಮತ್ತೊಮ್ಮೆ ನೋಡಿ, "ಹಾಗಾದರೆ ಸೊಂಡಿಲು ಎಲ್ಲಿ?" ಎಂದಳು.

ಅಜ್ಜನಿಗೆ ನಗು ಬಂದಿತು. ಸೊಂಡಿಲಿನಲ್ಲಿ ಮೂಳೆಯಿಲ್ಲ, ಅದೆಲ್ಲವೂ ಮಾಂಸಖಂಡ. ಮೂಳೆಯಿಲ್ಲದುದು ಕಲ್ಲಾಗಿ ಉಳಿಯುವುದು ಬಲು ಅಪೂರ್ವ. ಆನೆಯೆಂದೊಡನೆ ಮನಸ್ಸಿಗೆ ಮೊದಲು ಬರುವ ಅಂಗವೇ ಮ್ಯೂಸಿಯಮ್ಮಿನ ಆನೆಗೆ ಇಲ್ಲ. ಲೋಕದಲ್ಲಿ ಆನೆಯೊಂದೂ ಬದುಕಿರದೆ ತಲೆಬುರುಡೆಗಳು ಮಾತ್ರವೇ ದೊರೆತಿದ್ದರೆ, ಮುಖದ ನಡುವಣ ಆ ದೊಡ್ಡ ನಾಸಿಕರಂಧ್ರವನ್ನು ನೋಡಿ ವಿದ್ವಾಂಸರು ಏನನ್ನು ಊಹಿಸುತ್ತಿದ್ದರೋ! ಒಂಟಿಗಣ್ಣಿನ ರಾಕ್ಷಸನನ್ನು ಕಲ್ಪಿಸಿಕೊಂಡರೂ ಆಶ್ಚರ್ಯವಿರಲಿಲ್ಲ. "ಸೊಂಡಿಲು ಹೀಗಿರುತ್ತದೆಂದು ಹೇಳಿಕೊಡಲು ಬದುಕಿರುವ ಆನೆಯೇ ಬೇಕು" ಎಂದು ಅವರು ಹೇಳಿದರು. ಆ ಮಾತನ್ನು ಅವರು ಲಘುವಾಗಿಯೇ ಹೇಳಿದ್ದರು.

ಅಲ್ಲಿಂದ ಮುಂದೆ ಹುಡುಗಿಗೆ ಹೊಸ ಆಟವೊಂದು ದೊರೆಯಿತು. ಪ್ರತಿ ಪ್ರದರ್ಶಿಕೆಯ ಕೆಳಗಿನ ಚೀಟಿಯಲ್ಲಿ ಪ್ರಾಣಿಯ ಹೆಸರು, ಕಾಲ, ದೊರೆತ ಸ್ಥಳ, ಇವುಗಳನ್ನು ಬರೆದಿರುತ್ತಾರಷ್ಟೆ. ಆಕೆಯು ಸ್ಥಳದ ಹೆಸರನ್ನು ಮಾತ್ರ ಹುಡುಕಿ ಓದುತ್ತ ಸಾಲಿನ ಕೊನೆಯವರೆಗೂ ನಡೆದು ಹೋದಳು, ಹಿಂದಿರುಗಿ ಬಂದು ಅಜ್ಜನ ಮುಂದೆ ನಿಂತು, "ನಮ್ಮ ಕಡೆಯದು ಒಂದೂ ಇಲ್ಲ. ನಮ್ಮೂರಿನ ಮೂಳೆ ಎಲ್ಲಿ, ತಾತ?" ಎಂದಳು. ಉಪಾಧ್ಯಾಯರು ಹಳೆಯ ಉತ್ತರವನ್ನೇ ಕೊಟ್ಟರು: ಆ ಕಲ್ಲು ಹುಟ್ಟಿದಾಗ ಮೂಳೆಯೇ ಹುಟ್ಟಿರಲಿಲ್ಲ. ಹುಡುಗಿಯು ಒಂದು ಗಳಿಗೆ ಯೋಚಿಸಿದಳು. "ಕಲ್ಲು ಹುಟ್ಟಿದ ಮೇಲೆ ಅದರ ಮೇಲೆ ಯಾರೂ ಓಡಾಡಲೇ ಇಲ್ಲವೆ?"

ಶಾಲೆಯ ಹಿಂದಿನ ಬಂಡೆಯ ಬಳಿ ಇಷ್ಟು ವರ್ಷ ನಿಂತ ಮಕ್ಕಳಲ್ಲಿ ಒಬ್ಬರೂ ಹೀಗೆ ಕೇಳಿರಲಿಲ್ಲ. ಅಥವಾ ಕೇಳುವುದಕ್ಕೆ ಮೊದಲೇ ಗಂಟೆ ಬಾರಿಸಿತ್ತು. ಉಪಾಧ್ಯಾಯರು ಅಲ್ಲಿ ಏನನ್ನೂ ಹೇಳಲಿಲ್ಲ. ಊರಿನ ಕಡೆಗೆ ಹೊರಟ ರೈಲಿನಲ್ಲಿ, ಎಲ್ಲರೂ ಮಲಗಿದ ಮೇಲೆ, ಅವರು ಆ ಪ್ರಶ್ನೆಯೊಡನೆ ಎಚ್ಚರವಾಗಿದ್ದರು. ಮಗುವಿನ ತರ್ಕ ನಿರ್ದುಷ್ಟವಾಗಿತ್ತು. ಮನೆಯ ಗೋಡೆ ಹಳೆಯದೆಂದ ಮಾತ್ರಕ್ಕೆ ಮನೆಯಲ್ಲಿ ಯಾರೂ ವಾಸಮಾಡಲಿಲ್ಲವೆಂದು ಹೇಳಿದಂತೆ ಆಗಿತ್ತು ಅವರ ಪಾಠ. ಹೇಮಾವತಿಯ ದಡದಲ್ಲಿ ನೀರು ಕುಡಿದ, ಆ ಬಂಡೆಗಳ ಮೇಲೆ ಮೈಯುಜ್ಜಿದ, ಅಲ್ಲಿಯೇ ಬಿದ್ದು ಸತ್ತ ಮೃಗಗಳು ಲಕ್ಷಾಂತರ ವರ್ಷಗಳಲ್ಲಿ ಎಷ್ಟಿರಬೇಡ! ಅವುಗಳ ಮೂಳೆಗಳೆಲ್ಲವೂ ಏನಾದವು?

ಊರಿಗೆ ಬಂದು ಅವರು ಪುಸ್ತಕಗಳನ್ನು ತರಿಸಿ ಓದಿದರು. ಉತ್ತರವು ದೊರೆಯಿತು, ಅದು ಅವರು ಎಣಿಸಿದ್ದಕ್ಕಿಂತ ಸರಳವಾಗಿತ್ತು. ಮೂಳೆಯು ಕಲ್ಲಾಗಬೇಕಾದರೆ ಮೊದಲು ಅದು ಬೇಗನೆ ಹೂತುಹೋಗಬೇಕು. ಹೂತ ಮೇಲೆ ಅದರ ಮೇಲೆ ಮಣ್ಣೂ ಮರಳೂ ಪದರ ಪದರವಾಗಿ ಬೀಳುತ್ತಿರಬೇಕು. ಆ ಪದರಗಳಲ್ಲಿ ಜಿನುಗುವ ನೀರಿನಲ್ಲಿ ಸುಣ್ಣವೋ ಸಿಲಿಕಾವೋ ಇದ್ದು, ಅದು ಮೂಳೆಯ ಸೂಕ್ಷ್ಮರಂಧ್ರಗಳನ್ನು ಹೊಕ್ಕು ತುಂಬಬೇಕು. ಶಿವಾಲಿಕಿನಲ್ಲಿ ಇದೆಲ್ಲವೂ ಕೂಡಿಬಂದಿತು. ಹಿಮಾಲಯವು ಏಳುತ್ತಿತ್ತು, ಅದರ ಪಾದದ ನೆಲ ಕುಸಿಯುತ್ತಿತ್ತು, ಹೊಳೆಗಳು ಬೆಟ್ಟವನ್ನು ಕೊರೆದು ತಂದ ಮಣ್ಣನ್ನು ಆ ತಗ್ಗಿನಲ್ಲಿ ಕೋಟಿ ವರ್ಷಕ್ಕೂ ಹೆಚ್ಚು ಕಾಲ ಸುರಿಯುತ್ತಲೇ ಇದ್ದವು. ಸಾವಿರಾರು ಅಡಿ ದಪ್ಪವಾದ ಆ ರಾಶಿಯಲ್ಲಿ, ಕಡತಗಳ ಕಟ್ಟಿನಲ್ಲಿ ಕಾಗದ ಉಳಿದಂತೆ, ಪ್ರಾಣಿಗಳ ಮೂಳೆಗಳು ಉಳಿದವು.

ಹಾಸನದಲ್ಲಿ ನಡೆದುದು ಇದಕ್ಕೆ ವಿರುದ್ಧವಾದುದು. ಇಲ್ಲಿ ನೆಲ ಕುಸಿಯುವುದಿಲ್ಲ, ಸವೆಯುತ್ತದೆ. ಹೇಮಾವತಿಯು ತನ್ನ ಪಾತ್ರದಲ್ಲಿ ಮಣ್ಣನ್ನು ಕೂಡಿಡುವುದಕ್ಕಿಂತ ಹೆಚ್ಚಾಗಿ ಕಲ್ಲನ್ನು ತೊಳೆಯುತ್ತಾಳೆ. ಪಶ್ಚಿಮದ ಮಲೆಗಳಲ್ಲಂತೂ ಮಳೆ ವಿಪರೀತ; ಮಣ್ಣಿನಲ್ಲಿ ಹುಳಿಯಂಶ ಹೆಚ್ಚು; ಸುಣ್ಣ ನಿಲ್ಲುವುದಿಲ್ಲ. ಮೂಳೆಯೆಂಬುದು ಬಹುಪಾಲು ಸುಣ್ಣದ ವಸ್ತುವೇ ಆದುದರಿಂದ ಅಂತಹ ಮಣ್ಣಿನಲ್ಲಿ ಅದು ಕರಗುತ್ತದೆ. ಕರಗುವುದಕ್ಕೆ ಮುಂಚೆಯೇ ಮುಳ್ಳುಹಂದಿಗಳು ಅದನ್ನು ಕಡಿದು ತಿನ್ನುತ್ತವೆ. ಉಳಿದ ಸಾರವನ್ನು ಹೊಳೆಯು ಹೊತ್ತು ಕಾವೇರಿಗೆ ಕೊಡುತ್ತದೆ. ಕಾವೇರಿಯು ಅದನ್ನು ತಂಜಾವೂರಿನ ಗದ್ದೆಗಳಿಗೂ ಕಡಲಿಗೂ ಹಂಚುತ್ತಾಳೆ. ಹಾಸನದ ಪ್ರಾಚೀನ ಮೃಗಗಳ ಮೂಳೆ ಎಲ್ಲಿಯೆಂಬ ಪ್ರಶ್ನೆಗೆ, ತಂಜಾವೂರಿನ ಅನ್ನದಲ್ಲಿ ಎಂಬುದು ಅಷ್ಟೇನೂ ತಪ್ಪಲ್ಲದ ಉತ್ತರ.

ಕರ್ನಾಟಕದಲ್ಲೆಲ್ಲ ಹೀಗೆಯೇ ಎಂದಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕದ ಸಮೀಪದಲ್ಲಿ, ಘಟಪ್ರಭೆಯ ಸೀಮೆಯಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಖಡ್ಗಮೃಗವೊಂದರ ಅವಶೇಷಗಳನ್ನು ಕಂಡುಹಿಡಿದನು. ಅವು ಹಿಂದೆ ಅರಿಯದ ಜಾತಿಗೆ ಸೇರಿದುವೆಂದು ನಿರ್ಣಯಿಸಿ, ದಕ್ಖನಿನ ಹೆಸರನ್ನೇ ಅದಕ್ಕಿಟ್ಟು, 1874ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಗ್ರಂಥಮಾಲೆಯಲ್ಲಿ ಅದರ ವರ್ಣನೆಯನ್ನು ಪ್ರಕಟಿಸಿದನು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ, ಈ ದೇಶದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವನೂ ಆತನೇ. 1894ರಲ್ಲಿ ಮೈಸೂರು ಸಂಸ್ಥಾನವು ತನ್ನ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಮೊದಲ ಮುಖ್ಯಾಧಿಕಾರಿಯಾಗಿ ಬಂದವನೂ ಆತನೇ. ಖಡ್ಗಮೃಗವು ಕನ್ನಡಿಗರಿಗೆ ನಿಘಂಟಿನಲ್ಲಿಯೂ ಪುರಾಣಶ್ರವಣದಲ್ಲಿಯೂ ಮಾತ್ರ ಪರಿಚಯವಾದ ಪ್ರಾಣಿ; ಪದವಿದೆ, ಮೃಗವಿಲ್ಲ. ಆದರೆ ಗೋಕಾಕದ ಆ ಅವಶೇಷಗಳು ಒಂದು ಕಾಲದಲ್ಲಿ ಆ ಮೃಗವು ಇದೇ ನೆಲದ ಕೆಸರಿನಲ್ಲಿ ಹೊರಳುತ್ತಿತ್ತೆಂದು ಸಾಕ್ಷಿ ನುಡಿದವು.

ಅದರಂತೆಯೇ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವನು ಸುಣ್ಣಗಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಸ್ಥಳವು ದೊರೆತಿದೆ. ಅಲ್ಲಿ ಸಿಕ್ಕಿದ ದನದ ಜಾತಿಯ ಪ್ರಾಣಿಯೊಂದರ ಹಲ್ಲಿನ ಹೊರಪದರವನ್ನು ಪರೀಕ್ಷಿಸಿ, ಆ ನೆಲೆಯ ಕಾಲವು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಒಂದು ಹಲ್ಲು ಉಳಿದುದರಿಂದ ಒಂದು ಸೀಮೆಗೆ ಚರಿತ್ರೆಯಲ್ಲಿ ತೇದಿ ದೊರೆಯಿತು. ಅಲ್ಲಿಯದು ಸುಣ್ಣದ ನೆಲ, ಹೊಳೆನರಸೀಪುರದ್ದು ಅಲ್ಲ. ಇಷ್ಟೇ ವ್ಯತ್ಯಾಸ. ಮ್ಯೂಸಿಯಮ್ಮಿನ ಸಾಲುಗಳು ಯಾವ ಪ್ರಾಣಿ ಎಲ್ಲಿ ಬದುಕಿತ್ತೆಂಬುದರ ಪೂರ್ಣವಾದ ಪಟ್ಟಿಯಲ್ಲ. ಯಾವುದು ಎಲ್ಲಿ ಚೆನ್ನಾಗಿ ಹೂಳಲ್ಪಟ್ಟಿತೆಂಬುದರ ಪಟ್ಟಿ. ಉಪಾಧ್ಯಾಯರು ಈ ವಾಕ್ಯವನ್ನು ತಮ್ಮ ಹಳೆಯ ಪಾಠಟಿಪ್ಪಣಿಯ ಪಕ್ಕದಲ್ಲಿ ಬರೆದಿಟ್ಟರು. ಕೇಳಲು ಈಗ ತರಗತಿಯಿಲ್ಲದುದಕ್ಕೆ ಅವರಿಗೆ ಸ್ವಲ್ಪ ಖೇದವೇ ಆಯಿತು.

ಮೊಮ್ಮಗಳನ್ನು ಮಾತ್ರ ಅವರು ಒಂದು ಭಾನುವಾರ ಹಳೇಬೀಡಿಗೆ ಕರೆದುಕೊಂಡು ಹೋದರು. 1121ರಲ್ಲಿ ಆರಂಭವಾದ ಹೊಯ್ಸಳೇಶ್ವರನ ಗುಡಿಯ ಗೋಡೆಯ ಅಡಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ಪಟ್ಟಿಕೆಯಲ್ಲಿ, ಆನೆಗಳ ಸಾಲು ಗುಡಿಯನ್ನೇ ಹೊತ್ತು ನಡೆಯುತ್ತಿದೆ. ಮೇಲಿನ ಸಾಲುಗಳಲ್ಲಿ ಸಿಂಹ, ಕುದುರೆ, ಮಕರಗಳೂ ಇವೆ. ಮಕರವನ್ನು ಶಿಲ್ಪಿಯು ಕಲ್ಪಿಸಿದನು, ಆನೆಯನ್ನು ಕಂಡಿದ್ದನು. ಒಂದು ಆನೆ ಮರವನ್ನು ಸುತ್ತಿ ಎಳೆಯುವ ಬಗೆ, ಇನ್ನೊಂದು ಮುಂದಿನದರ ಬಾಲವನ್ನು ಹಿಡಿದ ಬಗೆ, ಇವನ್ನೆಲ್ಲ ಕಂಡ ಕಣ್ಣು ಮಾತ್ರವೇ ಕೆತ್ತಿಸಬಲ್ಲುದು. "ಇಲ್ಲಿ ಸೊಂಡಿಲಿದೆ" ಎಂದು ಹುಡುಗಿ ಮೊದಲು ಗಮನಿಸಿದ್ದು ಅದನ್ನೇ. ಕಲ್ಕತ್ತೆಯಲ್ಲಿ ಆನೆಯು ಕಲ್ಲಾಗಿತ್ತು. ಇಲ್ಲಿ ಕಲ್ಲು ಆನೆಯಾಗಿತ್ತು. ಹೂಳಿ ಉಳಿಸಲಾರದುದನ್ನು ಈ ಸೀಮೆಯವರು ಕೆತ್ತಿ ಉಳಿಸಿಕೊಂಡಿದ್ದರು.

ಈ ವಿಚಾರಗಳನ್ನೆಲ್ಲ ಹೇಳಿಕೊಳ್ಳುವ ಉತ್ಸಾಹದಲ್ಲಿ ಉಪಾಧ್ಯಾಯರು ತಮ್ಮನ ಮನೆಗೂ ಹೋದರು. ಅಲ್ಲಿ ಉತ್ಸಾಹಕ್ಕೆ ಬೇಕಾದ ಹವೆ ಇರಲಿಲ್ಲ. ಹೊಲದ ಒಂದು ಮೂಲೆ, ಅರ್ಧ ಎಕರೆಯಷ್ಟು, ನೆಲಸಮವಾಗಿತ್ತು. ಆನೆಗಳು ತಿಂದುದಕ್ಕಿಂತ ತುಳಿದುದೇ ಹೆಚ್ಚು. ಕೊಳವೆಬಾವಿಯ ನೀರಿನ ಪೈಪುಗಳು ಚಪ್ಪಟೆಯಾಗಿ ಬಿದ್ದಿದ್ದವು. ರಾತ್ರಿಯ ಜಾಗರಣೆಯಿಂದ ತಮ್ಮನ ಕಣ್ಣುಗಳು ಕೆಂಪಗಾಗಿದ್ದವು. ಹಾಗಿದ್ದರೂ ಅಣ್ಣನ ಮಾತನ್ನು ಆತನು ಗೌರವದಿಂದಲೇ ಕೇಳಿದನು.

ಅಣ್ಣನು ಹೇಳಿದನು: ಈ ದೇಶದಲ್ಲಿ ಸೊಂಡಿಲಿನ ಪ್ರಾಣಿಗಳ ಹಲವಾರು ಜಾತಿಗಳು ಬೇರೆ ಬೇರೆ ಕಾಲಗಳಲ್ಲಿ ಬದುಕಿದ್ದವು. ಕೆಳದವಡೆಯಿಂದ ಕೆಳಮುಖವಾಗಿ ಬಾಗಿದ ದಂತಗಳುಳ್ಳ ಡೈನೊಥೀರಿಯಂ ಇತ್ತು. ಕಲ್ಕತ್ತೆಯಲ್ಲಿ ಕಂಡ ಸ್ಟೆಗೊಡಾನ್ ಇತ್ತು. ನರ್ಮದೆಯ ದಡದಲ್ಲಿ ಇಂದಿನ ಆನೆಗಿಂತಲೂ ಬಹಳ ಎತ್ತರವಾದ ಇನ್ನೊಂದು ಮಹಾಗಜವಿತ್ತು. ಎಲ್ಲವೂ ಅಳಿದವು. ಉಳಿದುದು ಒಂದೇ ಜಾತಿ. ಸ್ಟೆಗೊಡಾನ್ ಅದರ ತಾತನೆಂದು ಹಿಂದಿನವರು ಎಣಿಸಿದ್ದರು. ಅದು ತಾತನಲ್ಲ, ಬೇರೆ ಕವಲಿನ ದಾಯಾದಿಯೆಂದು ಈಗ ತಿಳಿದಿದೆ. ಹಲ್ಲಿನಲ್ಲಿಯೇ ಭೇದವಿದೆ. ಸ್ಟೆಗೊಡಾನಿನ ದವಡೆಹಲ್ಲಿನ ಮೇಲೆ ಮನೆಯ ಸೂರಿನಂತಹ ತಗ್ಗಾದ ಏಣುಗಳು. ಆನೆಯ ಹಲ್ಲಿನಲ್ಲಿ ಒತ್ತಾಗಿ ಜೋಡಿಸಿದ ಎತ್ತರವಾದ ಹಲಗೆಗಳು, ಬೀಸುವ ಕಲ್ಲಿನಂತೆ ಒರಟು ಹುಲ್ಲನ್ನೂ ಅರೆಯಬಲ್ಲವು. ಆನೆಗೆ ಆಯುಷ್ಯದಲ್ಲಿ ಆರು ಸಲ ದವಡೆಹಲ್ಲು ಬರುತ್ತದೆ. ಮನುಷ್ಯನಿಗೆ ಬರುವಂತೆ ಕೆಳಗಿನಿಂದ ಮೇಲಕ್ಕಲ್ಲ. ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬಂದು, ಸವೆದ ಹಲ್ಲನ್ನು ಹೊರಕ್ಕೆ ನೂಕುತ್ತದೆ. ಆರನೆಯದೂ ಸವೆದರೆ ಆನೆಯು ಅಗಿಯಲಾರದೆ ಹಸಿವಿನಿಂದ ಸಾಯುತ್ತದೆ.

ತಮ್ಮನು ಎಲ್ಲವನ್ನೂ ಕೇಳಿ, ಬಿದ್ದ ಜೋಳದ ದಂಟೊಂದನ್ನು ಎತ್ತಿ, "ಅಷ್ಟು ಜಾತಿ ಅಳಿದು ಒಂದು ಉಳಿಯಿತೆನ್ನುವಿರಿ. ಆ ಒಂದು ಉಳಿಯುವುದಕ್ಕೆ ನನ್ನ ಹೊಲವೇ ಬೇಕಾಯಿತೆ, ಅಣ್ಣ?" ಎಂದನು.

ಇದಕ್ಕೆ ಉತ್ತರವು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಹಾಸನ ಜಿಲ್ಲೆಯಲ್ಲಿ ಈ ಪ್ರಶ್ನೆ ಒಂದು ಹೊಲದ್ದಲ್ಲ. ಆಲೂರು, ಸಕಲೇಶಪುರ, ಅರಕಲಗೂಡು, ಬೇಲೂರು ಸೀಮೆಗಳಲ್ಲಿ ಕಾಡು ತುಂಡುತುಂಡಾಗಿ, ಕಾಫಿಯ ತೋಟವೇ ಆನೆಗಳಿಗೆ ಹಗಲಿನ ನೆರಳಾಗಿ, ಗದ್ದೆಯೇ ರಾತ್ರಿಯ ಊಟವಾಗಿದೆ. ಆನೆಯಿಂದ ಮನುಷ್ಯರು ಸತ್ತಿದ್ದಾರೆ. ಮನುಷ್ಯರಿಂದ ಆನೆಗಳು ಸತ್ತಿವೆ. 2014ರಲ್ಲಿ ಈ ಜಿಲ್ಲೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಬರಿದಾದ ನೆಲೆಗೆ ಬೇರೆ ಆನೆಗಳು ಬಂದವು. ತೋಟದ ಕೂಲಿಯವಳು ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಮಂಜಿನಲ್ಲಿ ನಿಂತ ಕರಿಯ ಆಕಾರವು ಬಂಡೆಯೋ ಆನೆಯೋ ಎಂದು ನೋಡಿ ನಡೆಯಬೇಕು. ಇಂತಹ ಬಾಳನ್ನು ಬಾಳುವವರಿಗೆ ಜಾತಿಯ ಉಳಿವಿನ ಮಾಹಾತ್ಮ್ಯವನ್ನು ದೂರದಿಂದ ಬೋಧಿಸುವುದು ಸುಲಭ, ನ್ಯಾಯವಲ್ಲ. ಉಪಾಧ್ಯಾಯರು ಅಂದು ಬೋಧಿಸಲಿಲ್ಲ. ರಾತ್ರಿ ತಮ್ಮನೊಡನೆ ಅಟ್ಟಣೆಯನ್ನೇರಿ ಕುಳಿತರು. ಆನೆಗಳು ಬರಲಿಲ್ಲ. ದೂರದಲ್ಲಿ ಬಿದಿರು ಮುರಿಯುವ ಸದ್ದು ಮಾತ್ರ ಎರಡು ಸಲ ಕೇಳಿಸಿತು. ಎರಡು ಸಲವೂ ತಮ್ಮನ ಕೈ ತಮಟೆಯ ಮೇಲೆ ಹೋದುದನ್ನು ಅವರು ಕಂಡರು.

ನಾಲ್ಕು ವರ್ಷಗಳು ಕಳೆದವು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯ ಮಧ್ಯದಲ್ಲಿ, ಅರ್ಜುನನೆಂಬ ಆನೆಯು ಕಾಡಾನೆಯೊಡನೆ ಕಾದಾಡಿ ಸತ್ತಿತು. 2012ರಿಂದ 2019ರವರೆಗೆ ಎಂಟು ಸಲ ಮೈಸೂರಿನ ದಸರೆಯಲ್ಲಿ 750 ಕಿಲೋಗ್ರಾಮಿನ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಅದು. ಅರವತ್ತು ದಾಟಿದ ಆ ಪ್ರಾಣಿಗಾಗಿ ಜಿಲ್ಲೆಯ ಜನ ಅತ್ತರು. ಆನೆಗಳಿಂದ ಬೆಳೆ ಕಳೆದುಕೊಂಡವರೂ ಅತ್ತರು. ಅದನ್ನು ಬೇರೆಡೆಗೆ ಸಾಗಿಸದೆ, ಸತ್ತ ಪ್ರದೇಶದಲ್ಲಿಯೇ, ದಬ್ಬಳ್ಳಿಕಟ್ಟೆಯ ಬಳಿ ಮಣ್ಣುಮಾಡಿದರು.

ಅಂದು ರಾತ್ರಿ ತಮ್ಮನು ಅಣ್ಣನಿಗೆ ಫೋನು ಮಾಡಿದನು. ಬೆಳೆಯ ವಿಷಯವನ್ನೂ ಮಳೆಯ ವಿಷಯವನ್ನೂ ಮಾತನಾಡಿದನು. ಬಹಳ ಹೊತ್ತು ಸುಮ್ಮನಿದ್ದು, "ಅಣ್ಣ, ಅದಕ್ಕೆ ಆರನೆಯ ಹಲ್ಲು ಬಂದುಬಿಟ್ಟಿತ್ತೋ ಏನೋ?" ಎಂದು ಕೇಳಿದನು. ಬಂದಿದ್ದಿರಬೇಕೆಂದು ಅಣ್ಣನು ಹೇಳಿದನು. "ಹಾಗಾದರೆ ಮನೆಯಲ್ಲಿ ಕೂರಿಸಿ ಅನ್ನ ಹಾಕಬೇಕಾದ ವಯಸ್ಸು" ಎಂದು ಹೇಳಿ ತಮ್ಮನು ಫೋನನ್ನು ಇಟ್ಟನು.

ಉಪಾಧ್ಯಾಯರು ಆ ರಾತ್ರಿ ಮತ್ತೆ ರೈಲಿನಲ್ಲಿದ್ದಂತೆಯೇ ಎಚ್ಚರವಾಗಿದ್ದರು. ಯಸಳೂರಿನ ಮಣ್ಣು ಮಲೆನಾಡಿನ ಮಣ್ಣು. ಅಲ್ಲಿ ಮಳೆ ನಿಲ್ಲುವುದಿಲ್ಲ, ಸುಣ್ಣ ಉಳಿಯುವುದಿಲ್ಲ. ಅಂಬಾರಿಯನ್ನು ಹೊತ್ತ ಆ ಬೆನ್ನೆಲುಬು ಕಲ್ಲಾಗುವುದಿಲ್ಲ. ಲಕ್ಷ ವರ್ಷಗಳ ಬಳಿಕ ಯಾವನೋ ಒಬ್ಬನು ಬಂದು ಅಗೆದರೆ, ಇಲ್ಲಿ ಆನೆಗಳಿದ್ದವೆಂಬುದಕ್ಕೆ ಆ ಗುಂಡಿಯಲ್ಲಿ ಯಾವ ಸಾಕ್ಷ್ಯವೂ ಇರುವುದಿಲ್ಲ. ಶಿವಾಲಿಕ್ ತನ್ನ ಮೃಗಗಳನ್ನು ಕಳೆದುಕೊಂಡರೂ ಮೂಳೆಗಳನ್ನು ಇಟ್ಟುಕೊಂಡಿದೆ. ಹಾಸನವು ಕಳೆದುಕೊಂಡರೆ ಪೂರ್ತಿಯಾಗಿ ಕಳೆದುಕೊಳ್ಳುತ್ತದೆ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಟಿಪ್ಪಣಿಯ ಪುಸ್ತಕದಲ್ಲಿ ಹಿಂದೆ ಬರೆದಿದ್ದ ವಾಕ್ಯದ ಕೆಳಗೆ ಇದನ್ನೂ ಬರೆದರು.

ಮೊಮ್ಮಗಳು ಅಷ್ಟರಲ್ಲಿ ಪ್ರೌಢಶಾಲೆಗೆ ಬಂದಿದ್ದಳು. ಮರುವರ್ಷ ಶಾಲೆಯಲ್ಲಿ ಒಂದು ವಸ್ತುಪ್ರದರ್ಶನವನ್ನು ಏರ್ಪಡಿಸಿದರು. ಮಕ್ಕಳು ತಮ್ಮ ಸೀಮೆಯ ವಸ್ತುವೊಂದನ್ನು ತಂದು ಅದರ ವಿವರವನ್ನು ಚೀಟಿಯಲ್ಲಿ ಬರೆಯಬೇಕಾಗಿತ್ತು. ಒಬ್ಬನು ಹೇಮಾವತಿಯ ಮರಳನ್ನು ತಂದನು. ಇನ್ನೊಬ್ಬಳು ಚನ್ನರಾಯಪಟ್ಟಣದ ಕಡೆಯ ಭೈರಾಪುರದ ಕ್ರೋಮೈಟು ಅದುರನ್ನು ತಂದಳು. ಈಕೆಯು ಚಿಕ್ಕತಾತನ ಹೊಲಕ್ಕೆ ಹೋಗಿ, ಮಳೆ ಬಂದು ನಿಂತ ಮೇಲೆ ಕೆಸರಿನಲ್ಲಿ ಮೂಡಿದ್ದ ಆನೆಯ ಹೆಜ್ಜೆಯೊಂದಕ್ಕೆ ಸುಣ್ಣದ ಗಾರೆಯನ್ನು ಹೊಯ್ದು, ಅದು ಗಟ್ಟಿಯಾದ ಮೇಲೆ ಎತ್ತಿಕೊಂಡು ಬಂದಳು. ಮೊರದಷ್ಟು ಅಗಲವಾಗಿತ್ತು. ಈ ಸೀಮೆಯ ಮಣ್ಣಿನಲ್ಲಿ ಇಲ್ಲದ ಸುಣ್ಣವನ್ನು ತಾನೇ ಹಾಕಿದೆನೆಂದು ಹೇಳಿ ನಕ್ಕಳು.

ಚೀಟಿಯನ್ನು ಬರೆಯುವಾಗ ಅಜ್ಜನೂ ಚಿಕ್ಕತಾತನೂ ಜಗಲಿಯಲ್ಲಿ ಕುಳಿತಿದ್ದರು. ಕಲ್ಕತ್ತೆಯಲ್ಲಿ ಕಂಡ ಕ್ರಮದಲ್ಲಿಯೇ ಆಕೆಯು ಬರೆದಳು. ಪ್ರಾಣಿಯ ಹೆಸರು: ಆನೆ. ದೊರೆತ ಸ್ಥಳ: ಅರಕಲಗೂಡು ತಾಲ್ಲೂಕು. ಕಾಲ ಎಂಬಲ್ಲಿ ಸ್ವಲ್ಪ ತಡೆದು, "ಕಳೆದ ಮಂಗಳವಾರ" ಎಂದು ಬರೆದಳು. ಅಜ್ಜನಿಗೆ ಅದು ಬಹಳ ಹಿಡಿಸಿತು. ಚಿಕ್ಕತಾತನು ಚೀಟಿಯನ್ನು ಕೈಗೆ ತೆಗೆದುಕೊಂಡು ದೀಪದ ಬೆಳಕಿಗೆ ಹಿಡಿದು ಎರಡು ಸಲ ಓದಿದನು.

"ಎಲ್ಲವೂ ಸರಿಯಾಗಿದೆ. ತಿಂದದ್ದನ್ನು ಬರೆದಿಲ್ಲ" ಎಂದನು.

ಹುಡುಗಿಯು ಚೀಟಿಯನ್ನು ತಿರುಗಿ ತೆಗೆದುಕೊಂಡು, ಕೆಳಗೆ ಇನ್ನೊಂದು ಸಾಲನ್ನು ಸೇರಿಸಿದಳು: "ಆಹಾರ: ಮುಸುಕಿನ ಜೋಳ, ಕಾಲು ಎಕರೆ."